ದುರ್ಗಮ್ಮನ ಎರಡನೇ ಡೇರೆ

ಡೇರೆ ಹೂವಿನ ಗಿಡಕ್ಕೆ ಯಾರಾದರೂ ಐಸು ಹಾಕುತ್ತಾರೆಯೆ? ಮಿರ್ಜಾನದ ದುರ್ಗಮ್ಮ ಹಾಕಿದಳು. ಕುಮಟೆ ಪೇಟೆಯಲ್ಲಿ ಮೀನು ಮಾರುತ್ತಲೇ ತಲೆ ನರೆತವಳು. ಯಾವುದು ಕೆಡಬಾರದೋ ಅದಕ್ಕೆ ಐಸು ಎಂಬುದೇ ಅವಳಿಗೆ ಗೊತ್ತಿದ್ದ ಶಾಸ್ತ್ರ.

ಆ ಕೆಂಪು ಡೇರೆಯ ಗಡ್ಡೆ ಕೊಟ್ಟವಳು ಹೋದ ವರ್ಷ ತೀರಿಕೊಂಡ ತಂಗಿ ಗಂಗಿ. ಗಂಗಿಯ ಮಗಳು ದೀಪಿಕಾ ಈಚೆಗೆ ಭಟ್ಕಳಕ್ಕೆ ಮದುವೆಯಾಗಿ ಹೋದವಳು, ಮೊದಲ ದೀಪಾವಳಿಗೆ ದೊಡ್ಡಮ್ಮನ ಮನೆಗೇ ಬರುವವಳಿದ್ದಳು. ತಾಯಿಯಿಲ್ಲದ ಹುಡುಗಿಗೆ ಅಂದು ತಾಯಿಯ ಗಿಡದ ಹೂವನ್ನೇ ಮುಡಿಸಬೇಕೆಂದು ದುರ್ಗಮ್ಮನ ಹಟ.

ಆದರೆ ಡೇರೆ ಚೌತಿಗೇ ಅರಳಿ ಮುಗಿದಿತ್ತು. ಇನ್ನೊಂದು ಸಲ ಹೂ ಬಿಡುವಂತೆ ಮಾಡಲು ದುರ್ಗಮ್ಮ ಒಣಗಿದ್ದನ್ನೆಲ್ಲ ಕತ್ತರಿಸಿ, ಸಗಣಿ ಗೊಬ್ಬರ ಕೊಟ್ಟು, ಮೀನು ತೊಳೆದ ನೀರು ಹೊಯ್ದಳು. ಆ ವಾಸನೆಗೆ ಕೇರಿಯ ಬೆಕ್ಕುಗಳೆಲ್ಲ ಬಂದು ಬುಡ ಕೆದರಿದವು. ಅವನ್ನು ಓಡಿಸಿ ಓಡಿಸಿ ಅವಳಿಗೆ ಸಾಕುಸಾಕಾಯಿತು. ಕೊನೆಗೊಂದು ಮೊಗ್ಗು ಬಂತು. ಬಂದದ್ದೇನೋ ಸರಿ, ನವರಾತ್ರಿಗೇ ಬಾಯಿ ಬಿಡತೊಡಗಿತು. ದುರ್ಗಮ್ಮ ಅದನ್ನು ತಡೆಯಲು ಮೇಲೆ ಮೀನುಬುಟ್ಟಿ ಕವುಚಿ, ಬುಡಕ್ಕೆ ಐಸು ಸುರಿದಳು. ನಕ್ಕ ತಪ್ಪಿಗೆ ನೆರೆಮನೆಯ ಚೌಡಮ್ಮನೊಂದಿಗೆ ಮಾತು ಬಿಟ್ಟಳು.

ಆಯುಧಪೂಜೆಯ ದಿನ ಪೇಟೆಯಿಂದ ಬಂದು ಬುಟ್ಟಿ ಎತ್ತಿದರೆ ಬರೀ ತೊಟ್ಟು. ಅನುಮಾನ ಬಂದು ಹೊಳೆದಂಡೆಗೆ ಓಡಿದಳು. ಗಂಡ ಪಾಂಡು ದೋಣಿ ತೊಳೆದು, ಕುಂಕುಮ ಹಚ್ಚಿ, ಮೂತಿಗೆ ಅದೇ ಹೂ ಸಿಕ್ಕಿಸಿ ಕೈಮುಗಿದು ನಿಂತಿದ್ದ.

"ದಾಸಾಳ ಇರ್ಲಿಲ್ವಾ ನಿಮ್ಗೆ?"

"ವರ್ಷಪೂರ್ತಿ ಅನ್ನ ಹಾಕೋ ದೋಣಿ. ಚೆಂದದ್ದೇ ಕೊಡೂದು ಬ್ಯಾಡ್ವಾ?"

ದೋಣಿಗೆ ಏರಿಸಿದ ಹೂವನ್ನು ಇಳಿಸುವಂತಿಲ್ಲ. ದುರ್ಗಮ್ಮ ಹಲ್ಲು ಕಚ್ಚಿ ತಾನೂ ಕೈಮುಗಿದಳು. ಮನೆಯಲ್ಲಿ ಮಾತ್ರ ನಾಲ್ಕು ದಿನ ಗಂಡನಿಗೆ ಬರೀ ಗಂಜಿ ಬಡಿಸಿದಳು. ಗಿಡದ ಕಡೆ ತಿರುಗಿಯೂ ನೋಡಲಿಲ್ಲ.

ದೀಪಾವಳಿಯ ಬೆಳಿಗ್ಗೆ ಅಂಗಳಕ್ಕಿಳಿದ ದೀಪಿಕಾ ದೊಡ್ಡಮ್ಮನನ್ನು ಕೂಗಿ ಕರೆದಳು. ಬೋಳು ತೊಟ್ಟಿನ ಎಡಬಲಕ್ಕೆ ಎರಡು ಹೂ ಅರಳಿದ್ದವು. ನಡುವಿನ ಮೊಗ್ಗು ಚಿವುಟಿದರೆ ಪಕ್ಕದವು ಬೆಳೆಯುತ್ತವೆಂದು ಗಂಗಿ ಹೇಳುತ್ತಲೇ ಇದ್ದಳು. ದುರ್ಗಮ್ಮನಿಗೆ ಚಿವುಟಲು ಮನಸ್ಸೇ ಬಂದಿರಲಿಲ್ಲ.

ತಾನು ಕೊಯ್ದದ್ದಕ್ಕೇ ಬಂತೆಂದು ಪಾಂಡು ಎದೆಯುಬ್ಬಿಸಿದ. ಗಿಡದ ಗಂಧಗಾಳಿ ಇಲ್ಲದ ಮನುಷ್ಯ! ಇನ್ನು ಸಾಯುವವರೆಗೂ ಇದನ್ನೇ ಕೇಳಬೇಕಲ್ಲ ಎಂದು ದುರ್ಗಮ್ಮನಿಗೆ ಮೈ ಉರಿಯಿತು. ಒಂದು ಹೂ ಕೊಯ್ದು ದೀಪಿಕಾಳ ಜಡೆಗೆ ಮುಡಿಸಿದಳು. ದೀಪಿಕಾ ಇನ್ನೊಂದನ್ನು ಕೊಯ್ದಳು.

"ನಿಂಗೂ ಮುಡಸ್ತೆ ದೊಡ್ಡಮ್ಮ. ಅಮ್ಮ ಇದ್ದಿದ್ರೆ ಮುಡಸ್ತಿತ್ತು."

ಗಂಗಿ ಹೋದ ಮೇಲೆ ದುರ್ಗಮ್ಮ ಹೂ ಮುಡಿದಿರಲಿಲ್ಲ. ಕಣ್ಣು ತುಂಬಿ ಬಂತು. ಗಂಡನ ಕಡೆ ಒಮ್ಮೆ ದುರುಗುಟ್ಟಿ ನೋಡಿ, ತಲೆ ಬಗ್ಗಿಸಿದಳು.

"ಬೇಗ ಮುಡಸು. ಇಲ್ದಿದ್ರೆ ಇದನ್ನೂ ದೋಣಿಗೆ ತಕಂಡು ಹೋಗ್ತಾರೆ."