ಮದುವೆಯ ಅನ್ನ ಉಂಡ ಕುರಿ

ಆಗ ನನಗೆ ಅರವತ್ತೇಳು. ಮೂರು ವರ್ಷದ ಹಿಂದಿನ ಮಾತು. ಈ ಅರಬ್ ದೇಶದ ಸುಲೈಬಿಯಾದ ನಮ್ಮ ಶೆಡ್ಡಿನಲ್ಲಿ ಒಂದು ಕುರಿ ಕಾಲು ಅಗಲಿಸಿ ನಿಂತು ಹಲ್ಲು ಕಡಿಯುತ್ತಿತ್ತು. ಹೊಟ್ಟೆ ಡೋಲಿನ ಹಾಗೆ. ಪಕ್ಕದಲ್ಲಿ ಇಬ್ಬರು ಹೊರುವಷ್ಟು ದೊಡ್ಡ ತಟ್ಟೆ, ಖಾಲಿ.

ತಟ್ಟೆಯಲ್ಲಿ ಅನ್ನ ತಂದವರು ಯಾರು? ನನ್ನ ಕಫೀಲರೇ, ನನ್ನನ್ನು ಇಲ್ಲಿ ಕೆಲಸಕ್ಕೆ ಇಟ್ಟುಕೊಂಡ ಧಣಿ. ಇಲ್ಲಿ ಇರಲಿಕ್ಕೆ ಬೇಕಾದ ನನ್ನ ಇಕಾಮಾ ಕಾಗದ ಅವರ ಕೈಯಲ್ಲಿ, ಜಾಗವೂ ಅವರದ್ದು. ಇಪ್ಪತ್ತು ವರ್ಷ ಅವರ ಮನೆಯಲ್ಲಿ ಅಡುಗೆ ಮಾಡಿದೆ. ಆಮೇಲೆ ನಾನು ಬೀದಿಯಿಂದ ಎತ್ತಿ ತಂದ ಪ್ರಾಣಿಗಳಿಗೆ ಈ ಶೆಡ್ಡು ಬಿಟ್ಟುಕೊಟ್ಟರು. ನಾಯಿ, ಬೆಕ್ಕು, ಒಂದು ಕುಂಟು ಕತ್ತೆ, ಈ ಕುರಿ. (ಇದು ಫಿಂಟಾಸಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬೆಳೆದದ್ದು. ಮರಿ ಇರುವಾಗ ಮುದ್ದು, ಕೊಬ್ಬಿದ ಮೇಲೆ ಸಾಕಿದವರೇ ನಮ್ಮ ಗೇಟಿಗೆ ಕಟ್ಟಿ ಹೋದರು. ಹೆಸರು ಡೈಸಿ ಅಂತೆ.)

ಇಲ್ಲಿ ಮದುವೆಯಲ್ಲಿ ಉಳಿದ ಅನ್ನ ಚೆಲ್ಲುವುದು ಪಾಪ. ಪ್ರಾಣಿಗೆ ಹಾಕಿದರೆ ಪುಣ್ಯ. ಮನಸ್ಸು ಒಳ್ಳೆಯದೇ. ಆದರೆ ಕುರಿಯ ಹೊಟ್ಟೆಗೆ ನಿಮ್ಮ ಪುಣ್ಯ ಅರ್ಥ ಆಗ್ತದಾ?

ಡಾಕ್ಟರಿಗೆ ಫೋನ್ ಮಾಡಿದರೆ, ಬರಲಿಕ್ಕೆ ಎರಡು ಗಂಟೆ ಬೇಕು ಅಂದರು. ಕುರಿಗೆ ಅಷ್ಟು ಹೊತ್ತು ಇರಲಿಲ್ಲ.

"ಮುಟ್ಟಬೇಡ ಖಾಲಾ," ಅಂದರು ಕಫೀಲರು, ಚಿಕ್ಕಮ್ಮನನ್ನು ಕರೆದ ಹಾಗೆ. "ಸತ್ತರೆ ಖಲಾಸ್. ಇನ್ನೊಂದು ತರುವ."

"ಇನ್ನೊಂದು ತಂದರೆ ಇದು ಎದ್ದು ಬರ್ತದಾ ಬಾಬಾ? ಕುತ್ತಿಗೆ ಹಿಡಿಯಿರಿ."

"ನೀನು ಡಾಕ್ಟರಾ?"

"ಅಲ್ಲ. ನೀವೂ ಅಲ್ಲ."

ಹಿಡಿದರು.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ನಮ್ಮ ಊರಿನಲ್ಲಿ ಹಲಸಿನ ಕಾಲದಲ್ಲಿ ಹಣ್ಣಿನ ಸಿಪ್ಪೆ, ರಚ್ಚೆ ತಿಂದು ಉಬ್ಬಿದ ದನಗಳನ್ನು ನೋಡಿಯೇ ಬೆಳೆದವಳು. ಅಡುಗೆ ಸೋಡಾ ನೀರಿನಲ್ಲಿ ಕಲಸಿ, ಎಣ್ಣೆ ಸೇರಿಸಿ, ನೆತ್ತಿಗೆ ಏರದ ಹಾಗೆ ಸ್ವಲ್ಪ ಸ್ವಲ್ಪ ಕುಡಿಸಿದೆ. ಬಾಯಿಗೆ ಅಡ್ಡ ಕೋಲು ಕಟ್ಟಿದೆ, ಅಗಿಯಲಿ ಅಂತ. ಮುಂಗಾಲು ಮೆಟ್ಟಿಲ ಮೇಲೆ ಇಡಿಸಿ ಎಡ ಹೊಟ್ಟೆ ಉಜ್ಜಿದೆ. ಉಜ್ಜಿದೆ, ಉಜ್ಜಿದೆ, ನನ್ನ ಭುಜ ಬಿದ್ದುಹೋಯಿತು.

ಕೊನೆಗೆ ಒಂದು ತೇಗು ಬಂತು ನೋಡಿ. ಆ ವಾಸನೆಗೆ ಕತ್ತೆಯೂ ದೂರ ಹೋಯಿತು. ಕಫೀಲರ ಬಿಳಿ ನಿಲುವಂಗಿ ಎದೆಯವರೆಗೆ ಹಸಿರು.

ಡಾಕ್ಟರು ಬಂದು ಕುರಿಯ ಹೊಟ್ಟೆ ತಟ್ಟಿ ನೋಡಿದರು. "ಇದನ್ನೆಲ್ಲ ಮಾಡದಿದ್ದರೆ ನನಗೆ ಇಲ್ಲಿ ಕೆಲಸವೇ ಇರುತ್ತಿರಲಿಲ್ಲ," ಅಂದರು. ಒಂದು ಇಂಜೆಕ್ಷನ್ ಕೊಟ್ಟು ಹೋದರು. ನಾನು ಅದಕ್ಕೆ ವಿನಯ ತೋರಿಸಲಿಲ್ಲ. ಯಾಕೆ ತೋರಿಸಬೇಕು? ಬದುಕಿಸಿದ್ದು ನಾನೇ.

ಕಫೀಲರು ಹುಲ್ಲಿನ ಕಟ್ಟಿನ ಮೇಲೆ ಕೂತರು. "ಹಾಗಾದರೆ ಅನ್ನ ಚೆಲ್ಲಬೇಕಿತ್ತಾ?"

"ಶುವೈಖಿನ ಗ್ಯಾರೇಜಿನಲ್ಲಿ ದುಡಿಯುವ ಬಡ ಹುಡುಗರಿಗೆ ಬಿಸಿ ಇರುವಾಗಲೇ ಕೊಡಿ ಬಾಬಾ. ಪುಣ್ಯಕ್ಕೆ ನಾಲ್ಕು ಕಾಲೇ ಬೇಕಾ?"

ಅವರು ನಿಲುವಂಗಿ ಕೊಡವಿ ಎದ್ದು ಹೋದರು. ನನ್ನನ್ನು ಊರಿಗೆ ಕಳಿಸುತ್ತಾರೋ ಏನೋ ಅಂತ ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ.

ಮರುದಿನ ಬೆಳಿಗ್ಗೆ ಅವರ ಕಾರು ಬಂತು. ನಾನು ಮೊದಲು ಡಿಕ್ಕಿ ತೆರೆಸಿ ಅನ್ನದ ತಟ್ಟೆ ಇಲ್ಲ ಅಂತ ನೋಡಿದೆ, ಆಮೇಲೆ ಅವರದೇ ಜಾಗದ ಗೇಟು ತೆರೆದೆ.