ಮುಟ್ಟಿದೆ ಎಂದು ಯಾರಿಗೆ ಹೇಳುವುದು

ಭಾಲ್ಕಿಯಲ್ಲಿ ಬಸ್ಸು ಹತ್ತುವ ಮುಂಚೆ ಹಿಂದಿನ ಟೈರಿಗೆ ಒಮ್ಮೆ ಒದ್ದು ನೋಡುವುದು ನನ್ನ ಹಳೆಯ ಚಟ. ಹೆಂಡತಿ ಇದ್ದಾಗ, "ನೀವು ಒದ್ದ್ರ ಗಾಳಿ ತುಂಬ್ತದೇನ್ರಿ? ಸುಮ್ನ ಹತ್ರಿ. ಮುಟ್ಟಿದ ಮ್ಯಾಲ ಫೋನ್ ಹಚ್ರಿ," ಎನ್ನುತ್ತಿದ್ದಳು. ಅವಳು ತೀರಿಕೊಂಡು ಮೂರು ವರ್ಷ. ಒದೆಯುವುದು ಉಳಿದಿದೆ, ಫೋನು ನಿಂತಿದೆ.

ಕಚೇರಿ ಕೆಲಸಕ್ಕೆ ಬೆಂಗಳೂರಿಗೆ ಹೋದವನು ಬೀದರಿಗೆ ಮರಳಿದ್ದು ಒಂಬತ್ತು ಸೀಟಿನ ಪುಟ್ಟ ವಿಮಾನದಲ್ಲಿ. ಹತ್ತುವ ಮುಂಚೆ ಕಾಲು ಮಾತು ಕೇಳಲಿಲ್ಲ. ಎಡಗಡೆಯ ಟೈರಿಗೆ ಮೆಲ್ಲಗೆ ಒದ್ದೆ.

"ಸರ್, ಇದು ಬಸ್ಸಲ್ಲ," ಎಂದರು ಪೈಲಟ್. ಉಳಿದವರು ನಕ್ಕರು. ನಾನೂ ನಕ್ಕೆ.

ಬೀದರಿನಲ್ಲಿ ಚಕ್ರ ನೆಲ ಮುಟ್ಟಿದ ಕೂಡಲೇ ಎಡಗಡೆಯ ಟೈರೇ ಢಬ್ ಎಂದು ಒಡೆಯಿತು. ವಿಮಾನ ಒಂದು ಮಗ್ಗುಲಿಗೆ ವಾಲಿ, ರನ್‌ವೇ ಬಿಟ್ಟು ಕೆಂಪು ಮಣ್ಣಿಗಿಳಿದು, ರೆಕ್ಕೆಯ ತುದಿ ನೆಲಕ್ಕೆ ಊರಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ನಾನು ಜೀವಮಾನವಿಡೀ ಕಲ್ಪಿಸಿಕೊಂಡ ಅಪಘಾತಗಳೆಲ್ಲ ಇದಕ್ಕಿಂತ ದೊಡ್ಡವು.

"ನಾ ಒದ್ದಿದ್ದಕ್ಕ ಹಿಂಗಾಯ್ತೇನ್ರಿ?" ಎಂದು ಪೈಲಟರನ್ನು ಕೇಳಿದೆ. ಅವರು ನನ್ನ ಕೈಗೆ ನೀರಿನ ಬಾಟಲಿ ಕೊಟ್ಟರು.

ಹೊರಗೆ ನಿಂತು ಎಲ್ಲರೂ ಮನೆಗೆ ಫೋನು ಹಚ್ಚಿದರು. ಒಬ್ಬರು ಅಳುತ್ತಿದ್ದರು, ಇನ್ನೊಬ್ಬರು ಬೈಸಿಕೊಳ್ಳುತ್ತಿದ್ದರು. ಸುಮ್ಮನೆ ನಿಲ್ಲಲು ನಾಚಿಕೆಯಾಗಿ ನಾನೂ ಫೋನು ಕಿವಿಗೆ ಹಿಡಿದೆ, ಯಾರಿಗೂ ಹಚ್ಚದೆ. ಸ್ವಲ್ಪ ಹೊತ್ತಿಗೆ ಔರಾದ ಕಡೆ ಚಿಂತಾಕಿಯಲ್ಲಿರುವ ಅಕ್ಕ ನೆನಪಾದಳು.

"ಬೀದರಕ್ಕ ಮುಟ್ಟಿದೆ, ಅಕ್ಕಾ."

"ಎಲ್ಲಿಗಿ ಹೋಗಿದ್ದಿ?"

"ಬೆಂಗಳೂರಿಗಿ."

"ಹೋಗಾಗ ಯಾಕ ಹೇಳಲಿಲ್ಲ?"

"ನೀ ಚಿಂತಿ ಮಾಡ್ತಿ ಅಂತ."

"ನಾ ಯಾಕ ಮಾಡ್ಲಿ? ಎಲ್ಲಾರ ಪಾಲಿಂದೂ ನೀನೇ ಮಾಡ್ತಿ."

ಅವಳ ಹಿಂದೆ ಸೋಯಾ ರಾಶಿ ಮಾಡುವ ಮಷೀನಿನ ಸದ್ದು. ಟೈರಿನ ಮಾತು ಬಾಯಿಗೆ ಬಂದು ಒಳಗೆ ಹೋಯಿತು.

"ಭಾಲ್ಕಿಗಿ ಮುಟ್ಟಿದ ಮ್ಯಾಲ ಫೋನ್ ಹಚ್ಚು," ಎಂದಳು.

ಆ ಸಂಜೆ ಭಾಲ್ಕಿ ಬಸ್ಸಿನ ಟೈರಿಗೆ ಒದೆಯಲಿಲ್ಲ. ದಾರಿಯುದ್ದಕ್ಕೂ ಫೋನಿನ ಚಾರ್ಜು ನೋಡುತ್ತಾ ಕೂತೆ. ಮನೆಯ ಬಾಗಿಲ ಮುಂದೆ ನಿಂತು, ಕೀಲಿ ತೆಗೆಯುವ ಮುಂಚೆಯೇ ಹಚ್ಚಿದೆ.

"ಮುಟ್ಟಿದೆ, ಅಕ್ಕಾ."

"ಎಲ್ಲಿಗೋ?"

ಊರಿಗೆ ಹೊರಟವರಿಗೆಲ್ಲ ಹೇಳುವ ಮಾತನ್ನೇ ನನಗೂ ಹೇಳಿ ಮರೆತಿದ್ದಳು.

"ಮನಿಗಿ," ಎಂದೆ.

"ಹಾಂ, ಚಲೋ ಆಯ್ತು. ಉಣ್ಣು ಮತ್ತ."

ಅವಳೇ ಮೊದಲು ಫೋನು ಇಟ್ಟಳು. ನಾನು ಫೋನು ಹಿಡಿದುಕೊಂಡೇ ಕೀಲಿ ತೆಗೆದೆ.