ಉಣ್ಣೆ ಕತ್ತರಿಸಿದ ದಿನದ ಗಾಳಿ

ಭರಮಸಾಗರದ ಹತ್ತಿರದ ನಮ್ಮೂರಿನ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟೀಚರ್. ಬಿರುಮಳೆ ಬರುವಾಗ ಗಾಳಿಯ ಒತ್ತಡ ಹೇಗೆ ಏರಿಳಿಯುತ್ತದೆಂದು ಕಣ್ಣಾರೆ ನೋಡುವ ಆಸೆಯಿಂದ, ಕಳೆದ ಬೇಸಿಗೆ ರಜೆಯಲ್ಲಿ ಉಗುರಿನಷ್ಟು ಚಿಕ್ಕ ಸೆನ್ಸರೊಂದನ್ನು ತರಿಸಿದ್ದೆ. ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದನ್ನು ಕೂರಿಸಿ ಮಾಳಿಗೆಯ ಮೇಲೆ ಕಟ್ಟಿದ್ದೆ. ನಿಮಿಷಕ್ಕೊಮ್ಮೆ ಅಳತೆ ಫೋನಿಗೆ ಬಂದು ಗೆರೆಯಾಗಿ ಮೂಡುತ್ತಿತ್ತು.

ಕುರಿ ಸಾಕುವ ದೊಡ್ಡಪ್ಪನಿಗೆ ಇದೊಂದು ತಮಾಷೆ. "ಏನವ್ವಾ, ಇವತ್ತು ಗಾಳಿ ಎಷ್ಟು ತೂಗ್ತೈತೆ?" ಎಂದು ದಿನಾ ಕೆಣಕುತ್ತಿದ್ದರು.

ಅವತ್ತು ಅವರ ಕುರಿಗಳ ಉಣ್ಣೆ ಕತ್ತರಿಸುವ ದಿನ; ಕೈಜೋಡಿಸಲು ನೆಂಟರೂ ಬಂದಿದ್ದರು. ಊಟದ ಹೊತ್ತಿಗೆ ಅರ್ಧ ಮಂದೆ ಬೋಳಾಗಿ, ಅಂಗಳದ ತುಂಬ ಕರಿ ಉಣ್ಣೆ ಹರಡಿತ್ತು. ಫೋನು ನೋಡಿದೆ. ಮಧ್ಯಾಹ್ನ ಒತ್ತಡ ಕೊಂಚ ಇಳಿಯುವುದು ಮಾಮೂಲು. ಅವತ್ತು ಮಾತ್ರ ಜಾರುಬಂಡೆಯ ಮೇಲೆ ಕೂತಂತೆ ಇಳಿಯುತ್ತಿತ್ತು.

"ದೊಡ್ಡಪ್ಪಾ, ಜೋರು ಮಳೆ ಬರಂಗೈತೆ. ಉಣ್ಣೆ ಒಳಗೆ ಹಾಕಾಣ."

"ಮೋಡಾನೇ ಇಲ್ಲ ಕಣವ್ವ," ಎಂದು ಅವರು ನಕ್ಕರು.

ದೊಡ್ಡಮ್ಮ ಸೆರಗು ಸಿಕ್ಕಿಸಿ ಎದ್ದರು. "ಹುಡುಗಿ ಹೇಳ್ತಾಳಲ್ಲ, ಎತ್ರಿ. ಮಳೆ ಬರದಿದ್ರೆ ಮತ್ತೆ ಹರವಿದ್ರಾತು."

ಉಣ್ಣೆಯನ್ನು ಗೋಣಿಚೀಲಗಳಿಗೆ ತುಂಬಿದೆವು. ಕುರಿಗಳನ್ನು ಪಕ್ಕದ ಸಮುದಾಯ ಭವನಕ್ಕೆ ಅಟ್ಟಿದೆವು. ಕೊನೆಯ ಚೀಲ ಕಟ್ಟುವಷ್ಟರಲ್ಲಿ ಮೂಡಲು ಕಪ್ಪಾಗಿತ್ತು. ಆಗಲೇ ಅಳತೆ ಇದ್ದಕ್ಕಿದ್ದಂತೆ ಮೇಲಕ್ಕೆ ಹಾರಿತು. ಸೆನ್ಸರ್ ಕೆಟ್ಟಿತೆಂದುಕೊಂಡೆ. ಅದೇ ನಿಮಿಷ ತಣ್ಣನೆಯ ಗಾಳಿ ಧೂಳೆಬ್ಬಿಸಿಕೊಂಡು ನುಗ್ಗಿ ಬಂತು. ಮೋಡದಿಂದ ಕೆಳಗೆ ಸುರಿದ ಆ ತಂಪು, ಭಾರದ ಗಾಳಿಯೇ ಒತ್ತಡವನ್ನು ಏರಿಸಿತ್ತು! ವರ್ಷಗಟ್ಟಲೆ ಹಲಗೆಯ ಮೇಲೆ ಬರೆದದ್ದು ಮೈಮೇಲೆ ಬೀಸುತ್ತಿತ್ತು. ನಾನು ಕುಣಿದೇಬಿಟ್ಟೆ.

ಆಲಿಕಲ್ಲು ಬೀಳತೊಡಗಿದಾಗ ನಾವೆಲ್ಲ ಭವನದೊಳಗೆ, ಕುರಿಗಳ ನಡುವೆ. ದೊಡ್ಡಪ್ಪ ನನ್ನ ಹತ್ತಿರ ಸರಿದರು. "ಈಗ ಎಷ್ಟೈತೆ?" ಹೇಳಿದೆ. ಸ್ವಲ್ಪ ಹೊತ್ತಿಗೆ, "ಈಗ?"

ಕತ್ತರಿ ಹಿಡಿದಿದ್ದ ನೆಂಟರೂ ಸುತ್ತ ಸೇರಿದರು. ಮುಂದಿನ ಅಳತೆ ಏರುತ್ತದೋ ಇಳಿಯುತ್ತದೋ ಎಂದು ಕೂಗಾಟ ಶುರುವಾಯಿತು. ಹೆಚ್ಚು ಸಲ ಸರಿಯಾಗಿ ಹೇಳಿದ್ದು ದೊಡ್ಡಮ್ಮ. "ನಂಗೇನ್ ಗೊತ್ತು, ಸುಮ್ನೆ ಹೇಳ್ದೆ," ಎಂದು ಬಾಯಿಗೆ ಸೆರಗಿಟ್ಟು ನಕ್ಕರು.

ಮಳೆ ನಿಂತಿತು. ಬಾಗಿಲ ಚಿಲಕಕ್ಕೆ ಕೈಯಿಟ್ಟ ದೊಡ್ಡಪ್ಪ ನನ್ನ ಕಡೆ ತಿರುಗಿದರು.

"ಕುರಿ ಬಿಡಾಣೇನವ್ವ?"

ನಲವತ್ತು ವರ್ಷ ಮಂದೆ ಕಾದವರು ನನ್ನನ್ನು ಕೇಳುತ್ತಿದ್ದರು. ಫೋನಿನ ಗೆರೆ ಸಮವಾಗಿ ಸಾಗಿತ್ತು.

"ಬಿಡ್ರಿ ದೊಡ್ಡಪ್ಪ," ಎಂದೆ.